ಕೋಟಾದ ಮೀನಿನ ಹುರುಪೆ ಹುಡುಕ್ಕೋತ ನಾಕು ದಿನ

ದಿನ 1 – ಕಲಬುರಗಿಯಿಂದ ಹೈದರಾಬಾದ್

ಮೀನು ನೋಡ್ಲಿಕ್ಕ ಗಡಚಿರೋಲಿ ತನಕ ಹೋಗ್ಬೇಕೇನು, ನಿಮ್ಮೂರಾಗ ಮೀನಿನ ಮಾರ್ಕೆಟ್ ಇಲ್ಲೇನು ಅಂತ ಅಕ್ಕ ಫೋನಿನಾಗ ಕೇಳಿದ್ಲು. ಅದು ಜುರಾಸಿಕ್ ಕಾಲದ ಮೀನವಾ, ಈಗ ಬರೇ ಕಲ್ಲಿನಾಗ ಅದ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಂಗಾದ್ರ ನನ್ನ ಮಗನ್ನೂ ಕರ್ಕೊಂಡು ಹೋಗು, ಒಬ್ಬನೇ ಆ ಅಡವಿ ಕಡೆ ಹೋಗಬ್ಯಾಡ ಅಂದ್ಲು. ಹಿಂಗ ಸುರು ಆತು ನಮ್ಮ ಟ್ರಿಪ್.

ನಾ ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳಾಂವ. ಫಸ್ಟ್ ಇಯರ್ ಪುಸ್ತಕದಾಗ ಪ್ರಾಣಿ ಸಾಮ್ರಾಜ್ಯದ ಪಾಠದೊಳಗ ಎಲುಬು ಮೀನಿನ ಮೈಮ್ಯಾಲೆ ಸೈಕ್ಲಾಯ್ಡ್ ಇಲ್ಲಾ ಟೀನಾಯ್ಡ್ ಶಲ್ಕ, ಅಂದ್ರ ಹುರುಪೆ, ಇರ್ತಾವ ಅಂತ ಒಂದು ಸಾಲು ಅದ, ಶಾರ್ಕಿನಂಥ ಮೃದ್ವಸ್ಥಿ ಮೀನಿಗೆ ಪ್ಲಾಕಾಯ್ಡ್ ಅಂತ ಇನ್ನೊಂದು ಸಾಲು. ಕಳೆದ ವರ್ಷ ಹಿಂದಿನ ಬೆಂಚಿನ ಒಂದು ಹುಡುಗಿ ಎದ್ದು ನಿಂತು ಸರ್ ಇಷ್ಟೇ ಏನ್ರಿ, ಇನ್ನೂ ಯಾವ್ದರ ಥರ ಇಲ್ಲೇನ್ರಿ ಅಂತ ಕೇಳಿದ್ಲು. ಇನ್ನೊಂದದ ವಾ, ಗ್ಯಾನಾಯ್ಡ್ ಅಂತಾರ, ಈಗ ಭಾಳ ಕಮ್ಮಿ ಉಳಿದಾವ ಅಂದು ಮುಂದಿನ ಪುಟಕ್ಕ ಹೋದೆ. ಆದ್ರ ಅವತ್ತು ರಾತ್ರಿ ನಿದ್ದಿ ಬರ್ಲಿಲ್ಲ. ಇಪ್ಪತ್ತು ವರ್ಷದಿಂದ ಹೇಳ್ಲಿಕ್ಕತ್ತೀನಿ, ಒಂದೇ ಒಂದು ಗ್ಯಾನಾಯ್ಡ್ ಹುರುಪೆ ಕಣ್ಣಾರೆ ನೋಡಿಲ್ಲ. ಹುಡುಕ್ಕೋತ ಹೋದಾಗ ಗೊತ್ತಾತು, ನಮ್ಮ ದಖ್ಖನ್ನಿನ ಹೆಸರೇ ಇಟ್ಕೊಂಡಿರೋ ಒಂದು ಗ್ಯಾನಾಯ್ಡ್ ಮೀನು ಅದ, ಲೆಪಿಡೋಟಿಸ್ ಡೆಕ್ಕನೆನ್ಸಿಸ್, ಗೋದಾವರಿ-ಪ್ರಾಣಹಿತಾ ಕೂಡೋ ಜಾಗದ ಹತ್ರ, ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಕೋಟಾ ಅನ್ನೋ ಊರಿನ ಸುಣ್ಣದಕಲ್ಲಿನಾಗ ಸಿಕ್ಕಿದ್ದು. ನಮ್ಮ ಕಲಬುರಗಿಯಿಂದ ಅದೇನು ದೇಶಾಂತರ ಅಲ್ಲ.

ಮುಂಜಾನೆ ರೈಲು ಹತ್ತಿದೆ. ಶಹಾಬಾದ್, ವಾಡಿ, ಸೇಡಂ, ತಾಂಡೂರು, ಹಳಿ ಎರಡೂ ಕಡೆ ಫರಸಿ ಖಣಿ, ಸಿಮೆಂಟ್ ಫ್ಯಾಕ್ಟರಿ. ನಮ್ಮ ಹಳೇ ಮನಿ ಪಡಸಾಲಿಯ ಒಂದು ಶಹಾಬಾದ್ ಫರಸಿ ಮ್ಯಾಲೆ ಕಪ್ಪಗ ಎಲಿ ಬರೆದಂಗ ಒಂದು ಗುರ್ತಿತ್ತು, ಸಣ್ಣಾಂವ ಇದ್ದಾಗ ಎಲಿ ಇದ್ದಲ್ಲಿ ಮೀನೂ ಇರ್ಬೇಕು ಅಂತ ಫರಸಿಗೆ ಮೂಗು ಹಚ್ಚಿ ಹುಡುಕ್ತಿದ್ದೆ, ನಮ್ಮವ್ವ ನೆಲ ಒರೆಸೋಮುಂದ ಏಳೋ ಅಂತ ಬೈತಿದ್ಲು. ಆಮ್ಯಾಲೆ ಡಿಗ್ರಿ ಓದೋಮುಂದ ತಿಳೀತು, ಅದು ಎಲಿ ಅಲ್ಲ, ಕಲ್ಲಿನ ಬಿರುಕಿನಾಗ ಮ್ಯಾಂಗನೀಸ್ ಹರಡಿ ಆಗಿರೋ ಗುರ್ತು, ಮತ್ತ ನಮ್ಮ ಭೀಮಾ ಸೀಮಿ ಸುಣ್ಣದಕಲ್ಲು ಜಗತ್ತಿನಾಗ ಮೀನು ಹುಟ್ಟೋಕಿಂತಾ ಹಳೇದು. ಹಂಗಾಗಿ ನಮ್ಮ ಫರಸಿಯಾಗ ಮೀನು ಸಿಗೋದು ಸಾಧ್ಯನ ಇಲ್ಲ, ಸುಣ್ಣದಕಲ್ಲಿನಾಗ ಮೀನು ನೋಡ್ಬೇಕಂದ್ರ ಗೋದಾವರಿ ಕಡೆಗೇ ಹೋಗ್ಬೇಕು.

ಮಧ್ಯಾಹ್ನಕ್ಕ ಹೈದರಾಬಾದ್. ಅಕ್ಕನ ಮಗ ಸ್ಟೇಷನ್ನಿಗೆ ಬಂದಿದ್ದ, ಸಾಫ್ಟ್‌ವೇರ್ ಕೆಲಸ, ಆದ್ರ ಮನಿಯೊಳಗ ಮೂರು ಅಕ್ವೇರಿಯಂ ಇಟ್ಕೊಂಡಾನ, ಮೀನಂದ್ರ ಅವನಿಗೂ ಜೀವ. ಮೊದಲು ಬಿರ್ಲಾ ಸೈನ್ಸ್ ಮ್ಯೂಸಿಯಂಗೆ ಹೋದ್ವಿ. ಅಲ್ಲಿ ಕೋಟಾಸಾರಸ್ ಅನ್ನೋ ಉದ್ದ ಕುತ್ತಿಗಿ ಡೈನೋಸಾರಿನ ಅಸ್ಥಿಪಂಜರ ನಿಲ್ಸ್ಯಾರ, ಆದಿಲಾಬಾದ್ ಕಡೆಯ ಯಮನಪಲ್ಲಿಯೊಳಗ ಜಿಯಾಲಾಜಿಕಲ್ ಸರ್ವೆಯವ್ರು ಅಗೆದು ತೆಗೆದಿದ್ದು. ಹುಡುಗ್ರೆಲ್ಲ ಅದರ ಕಾಲ ಬುಡಕ ನಿಂತು ಸೆಲ್ಫಿ ಹೊಡ್ಕೋತಿದ್ರು. ಇದರ ಹೆಸರಿನಾಗಿರೋ ಕೋಟಾಕ್ಕೇ ನಾವು ಹೊಂಟೀವಿ ನೋಡು ಅಂದೆ. ಈ ದೊಡ್ಡ ಪ್ರಾಣಿ ನೀರು ಕುಡೀಲಿಕ್ಕ ಬರೋ ಕಾಲದ ಕೆರಿಗಳೊಳಗ ನಮ್ಮ ಮೀನು ಈಜಾಡ್ತಿತ್ತು, ಎರಡೂ ಒಂದೇ ಶಿಲಾಸಮೂಹದಾಗ ಸಿಗ್ತಾವ.

ಸಂಜಿಗೆ ಅಂವ ನನ್ನ ಒಂದು ಅಕ್ವೇರಿಯಂ ಅಂಗಡಿಗೆ ಕರ್ಕೊಂಡು ಹೋದ. ಮಾಮಾ, ನೀವು ಹುಡುಕೋ ಮೀನಿನ ಬಳಗದವ್ರು ಇಲ್ಲಿ ಬದುಕ್ಯಾರ ಬರ್ರಿ ಅಂದ. ಮೂಲಿ ಟ್ಯಾಂಕಿನಾಗ ಒಂದು ಗಾರ್ ಮೀನು, ಮೊಸಳಿ ಹಂಗ ಉದ್ದ ಮೂತಿ, ಒಂದು ಫೂಟಿನಷ್ಟು ಉದ್ದ, ಅಲುಗಾಡದ ನಿಂತಿತ್ತು. ಉತ್ತರ ಅಮೆರಿಕದ ನದಿ ಮೀನದು. ಗಾಜಿಗೆ ಕಣ್ಣು ಹಚ್ಚಿ ನೋಡಿದೆ. ಅದರ ಮೈಮ್ಯಾಲೆ ಹುರುಪೆ ನಮ್ಮ ರೋಹು ಮೀನಿನ ಹಂಗ ಒಂದರ ಮ್ಯಾಲೊಂದು ಹೆಂಚು ಹೊದಿಸಿದಂಗ ಇಲ್ಲ, ಒಂದರ ಪಕ್ಕಕ್ಕೊಂದು ಅಂಚಿಗೆ ಅಂಚು ಕೂಡ್ಸಿ ಫರಸಿ ಹಾಸಿದಂಗ ಅದ, ಪ್ರತಿಯೊಂದೂ ಓರೆ ಚೌಕ, ಲೈಟ್ ಬಿದ್ದಾಗ ಹಲ್ಲು ಮಿಂಚಿದಂಗ ಮಿಂಚ್ತಾವ. ನಾ ನೋಡ್ತಾ ಇದ್ದಂಗನ ಅದು ಮ್ಯಾಲೆ ಬಂದು ಗುಟುಕ್ಕನೆ ಗಾಳಿ ಕುಡುದು ಮತ್ತ ಕೆಳಗ ಹೋತು, ಅದರ ಗಾಳಿಚೀಲ ಪುಪ್ಪುಸದ ಕೆಲಸಾನೂ ಮಾಡ್ತದ. ಇಷ್ಟು ವರ್ಷ ಪಾಠ ಹೇಳಿ ಗ್ಯಾನಾಯ್ಡ್ ಹುರುಪೆ ಇವತ್ತು ಮೊದಲನೇ ಸಲ ನೋಡಿದೆ, ಕಣ್ಣು ತುಂಬಿ ಬಂತು, ಸುಳ್ಳು ಹೇಳಂಗಿಲ್ಲ. ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಈ ಮೀನು ಮನಿಯೊಳಗ ಸಾಕಿ ದೊಡ್ಡದಾತು ಅಂತ ಕೆರಿಗೆ ತಂದು ಬಿಡಬ್ಯಾಡ್ರಿ, ನಮ್ಮ ದೇಶದ ಕೆರಿಗಳೊಳಗ ಅಲ್ಲಲ್ಲಿ ಇವು ಸಿಕ್ಕಾವ, ನಮ್ಮ ಮೀನಿಗೆ ಅದು ಭಾಳ ಕೆಟ್ಟದ್ದು.

ದಿನ 2 – ಹೈದರಾಬಾದ್, ಹನಮಕೊಂಡ, ಭೂಪಾಲಪಲ್ಲಿ, ಕಾಳೇಶ್ವರಂ

ಮುಂಜಾನೆ ಐದಕ್ಕ ಅವನ ಕಾರಿನಾಗ ಹೊಂಟ್ವಿ. ಹನಮಕೊಂಡದಾಗ ಇಡ್ಲಿ ತಿಂದು ಸಾವಿರ ಕಂಬದ ಗುಡಿ ನೋಡಿದ್ವಿ, 1163ರಾಗ ಕಾಕತೀಯ ರುದ್ರದೇವ ಕಟ್ಟಿಸಿದ್ದು. ಕಾಕತೀಯರು ಅದಕ್ಕೂ ಮೊದಲು ನಮ್ಮ ಕಲ್ಯಾಣದ ಚಾಲುಕ್ಯರ ಸಾಮಂತರು, ಹಂಗಾಗಿ ಆ ಕಂಬ ನೋಡಿದ್ರ ಮನೆಮಂದಿ ನೋಡಿದಂಗ ಆಗ್ತದ. ಜಾಸ್ತಿ ಹೊತ್ತು ನಿಲ್ಲಲಿಲ್ಲ.

ಪರಕಾಲ ದಾಟಿ ಭೂಪಾಲಪಲ್ಲಿ ಬರೋಷ್ಟೊತ್ತಿಗೆ ರಸ್ತೆ ಬದಿ ಎಲ್ಲಾ ಕರೇ ಧೂಳು, ಸಿಂಗರೇಣಿ ಕಲ್ಲಿದ್ದಲ ಲಾರಿ ಒಂದರ ಹಿಂದ ಒಂದು. ಅಕ್ಕನ ಮಗ ಎಸಿ ಹಾಕಿ ಕಿಡಕಿ ಮುಚ್ಚಿದ, ನಾ ಮತ್ತ ಇಳಿಸಿದೆ. ಯಾಕಂದ್ರ ಈ ಕಲ್ಲಿದ್ದಲಿನಿಂದಾನೇ ನಮ್ಮ ಮೀನಿನ ಕಥಿ ಸುರು ಆಗ್ತದ. ಪ್ರಾಣಹಿತಾ-ಗೋದಾವರಿ ಕೊಳ್ಳ ಅಂದ್ರ ನೆಲ ಉದ್ದಕ್ಕೂ ಬಿರಿದು ನಿಧಾನಕ್ಕ ಕುಸುದು ಆಗಿರೋ ತಗ್ಗು, ಭಾರತ ಇನ್ನೂ ಆಫ್ರಿಕಾ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ ಜೋಡಿ ಗೊಂಡ್ವಾನಾ ಅನ್ನೋ ಒಂದೇ ಭೂಖಂಡದಾಗ ಇದ್ದ ಕಾಲದ್ದು. ಆ ತಗ್ಗಿನಾಗ ನದಿ, ಕೆರಿಗಳು ಕೋಟಿಗಟ್ಟಲೆ ವರ್ಷ ಮಣ್ಣು ತಂದು ತುಂಬಿದ್ವು. ತಳಕ್ಕ ಹಿಮನದಿ ತಂದು ಹಾಕಿದ ತಾಲ್ಚೀರ್ ಪದರ, ಅದರ ಮ್ಯಾಲೆ ಪರ್ಮಿಯನ್ ಕಾಲದ ಕಲ್ಲಿದ್ದಲು, ಅದರ ಮ್ಯಾಲೆ ಟ್ರಯಾಸಿಕ್ ಕಾಲದ ಮಾಲೇರಿ ಕೆಂಪು ಮಣ್ಣು, ಅದರ ಮ್ಯಾಲೆ ಜುರಾಸಿಕ್ ಕಾಲದ ಕೋಟಾ. ರಸ್ತಿಯೊಳಗ ಕುಂತು ಇದೆಲ್ಲ ಪುಸ್ತಕದ ಹಾಳಿ ತಿರುವಿದಂಗ ಕಾಣ್ತದ ಅಂತಲ್ಲ, ಮ್ಯಾಲೆಲ್ಲ ಹತ್ತಿ ಹೊಲ, ಮೆಣಸಿನಕಾಯಿ ಹೊಲ, ಸಾಗವಾನಿ ಅಡವಿ. ಆದ್ರ ನೆಲದ ಕೆಳಗ ಆ ಹಾಳಿ ಅವ ಅನ್ನೋದು ತಲಿಯೊಳಗಿದ್ರ ಕಾರಿನಾಗ ಕುಂತ್ರೂ ಎದಿ ಹಾರ್ತದ.

ಕಾಳೇಶ್ವರಂ ಮುಟ್ಟಿದಾಗ ಸಂಜಿ ಆಗ್ಲಿಕ್ಕತ್ತಿತ್ತು. ಗುಡಿಯೊಳಗ ಒಂದೇ ಪಾಣಿಪೀಠದ ಮ್ಯಾಲೆ ಎರಡು ಲಿಂಗ, ಒಂದು ಶಿವಂದು ಒಂದು ಯಮಂದು. ದರ್ಶನ ಮಾಡಿ ನದಿಗೆ ಇಳಿದ್ವಿ. ಉತ್ತರದಿಂದ ಪ್ರಾಣಹಿತಾ ಬರ್ತದ, ಪಶ್ಚಿಮದಿಂದ ಗೋದಾವರಿ, ಸರಸ್ವತಿ ಒಳಗಿಂದೊಳಗ ಹರೀತಾಳ ಅಂತ ನಂಬಿಕಿ. ಚಳಿಗಾಲ ಆದ್ರೂ ನೀರು ಇತ್ತು, ತೆಪ್ಪದವ್ರು ಬಲಿ ಎಳೀತಿದ್ರು. ನಾ ಅಲ್ಲೇ ಕುಂತು ಬಿಟ್ಟೆ.

ರಾತ್ರಿ ಲಾಡ್ಜಿನಾಗ ಅಕ್ಕನ ಮಗ ಕೇಳಿದ, ಮಾಮಾ, ಈ ಮೀನಿಗೆ ದಖ್ಖನ್ ಹೆಸರಿಟ್ಟಾಂವ ಯಾರು? ಹೇಳ್ಲಿಕ್ಕ ಕುಂತೆ, ಹನ್ನೊಂದು ದಾಟಿದ್ದು ಗೊತ್ತಾಗ್ಲಿಲ್ಲ.

ಕರ್ನಲ್ ಸೈಕ್ಸ್ ಅಂತ ಬ್ರಿಟಿಷರ ಕಾಲದ ಅಧಿಕಾರಿ, ದಖ್ಖನ್ನಿನ ಪಕ್ಷಿ, ಪ್ರಾಣಿ, ಮೀನು ಎಲ್ಲಾದರ ಮ್ಯಾಲೆ ಬರ್ದಾಂವ. 1839ರಾಗ ದಖ್ಖನ್ನಿನ ಬದುಕಿರೋ ಮೀನುಗಳ ಬಗ್ಗೆ ಬರೆದ, ಅದರೊಳಗ ನಮ್ಮ ಭೀಮಾ ನದಿ ಮೀನೂ ಬರ್ತಾವ. ಅದೇ ಮನುಷ್ಯ 1851ರಾಗ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿ ಪತ್ರಿಕೆಯೊಳಗ ದಖ್ಖನ್ನಿನ ಒಂದು ಕಲ್ಲುಮೀನಿನ ಬಗ್ಗೆ ಬರೆದ, ಮೀನಿನ ವಿವರಣೆ ಬರ್ಕೊಟ್ಟಾಂವ ಸರ್ ಫಿಲಿಪ್ ಎಗರ್ಟನ್, ಆ ಕಾಲಕ್ಕ ಕಲ್ಲುಮೀನು ಕೂಡಿಡೋದ್ರಾಗ ಭಾಳ ದೊಡ್ಡ ಹೆಸರು. ಅವ್ರು ಮಾಡಿದ್ದೇನು ಗೊತ್ತೇನು, ಈ ಮೀನು ಯೂರೋಪಿನ ಲಯಾಸ್ ಪದರದ ಮೀನಿನ ಹಂಗ ಅದ, ಲಯಾಸ್ ಅಂದ್ರ ಜುರಾಸಿಕ್ಕಿನ ಮೊದಲನೇ ಭಾಗ, ಹಂಗಾದ್ರ ಕೋಟಾದ ಕಲ್ಲೂ ಆ ಕಾಲದ್ದೇ ಅಂತ ಲೆಕ್ಕಾ ಹಾಕಿದ್ರು. ವರ್ಗೀಕರಣ ಅಂದ್ರ ಬರೇ ಹೆಸರು ಬಾಯಿಪಾಠ ಮಾಡೋದು ಅಂತ ನಮ್ಮ ಮಕ್ಕಳು ಬೇಜಾರು ಮಾಡ್ಕೋತಾರ. ಇಲ್ಲಿ ನೋಡ್ರಿ, ಒಂದು ಮೀನು ಯಾವ ಕುಲದ್ದು ಅಂತ ಗೊತ್ತಾದ ಕೂಡ್ಲೇ ಒಂದು ಇಡೀ ನೆಲದ ವಯಸ್ಸು ಗೊತ್ತಾತು.

ಲೆಪಿಡೋಟಿಸ್ ಅನ್ನೋ ಹೆಸರು ಇಟ್ಟಾಂವ ಸ್ವಿಟ್ಜರ್ಲೆಂಡಿನ ಮೀನು ವಿಜ್ಞಾನಿ ಲೂಯಿ ಅಗಾಸಿ, 1832ರಾಗ, ಗ್ರೀಕ್ ಭಾಷೆಯೊಳಗ ಹುರುಪೆ ಇರೋದು ಅಂತ ಅರ್ಥ. ಅಗಾಸಿ ಎಲ್ಲಾ ಮೀನುಗಳನ್ನ ಹುರುಪೆ ನೋಡೇ ನಾಕು ಗುಂಪು ಮಾಡಿದ್ದ, ಪ್ಲಾಕಾಯ್ಡ್, ಗ್ಯಾನಾಯ್ಡ್, ಟೀನಾಯ್ಡ್, ಸೈಕ್ಲಾಯ್ಡ್. ನಮ್ಮ ಪಿಯುಸಿ ಪುಸ್ತಕದಾಗ ಉಳಿದಿರೋ ಮೂರು ಶಬ್ದ ಅಲ್ಲಿಂದಾನೇ ಬಂದಿದ್ದು, ನಾಕನೇದು ಬಿಟ್ಟು ಹೋಗ್ಯದ, ಆ ಹುಡುಗಿ ಕೇಳಿದ್ದು ಅದನ್ನೇ! ಅಗಾಸಿಗಿಂತ ಮೊದಲು 1818ರಾಗ ಫ್ರಾನ್ಸಿನ ಬ್ಲೇನ್‌ವಿಲ್ ಈ ಕುಲದ ಒಂದು ಮೀನಿಗೆ ಸೈಪ್ರಿನಸ್ ಅಂತ ಹೆಸರಿಟ್ಟಿದ್ದ, ಅಂದ್ರ ಕಾರ್ಪ್ ಮೀನಿನ ಕುಲ, ನಮ್ಮ ರೋಹು ಕಟ್ಲಾಗಳ ಬಳಗ. ಮ್ಯಾಲಿಂದ ಮೈಯಾಕಾರ ನೋಡಿದ್ರ ಹಂಗ ಅನ್ನಿಸೋದು ಸಹಜ, ದುಂಡಗಿನ ಮೈ, ಸಣ್ಣ ಬಾಯಿ. ಆದ್ರ ಹುರುಪೆ ನೋಡಿದ್ರ ಬ್ಯಾರೆನೇ ಮನಿತನ. ಈಗ ಅಗಾಸಿಯ ನಾಕು ಗುಂಪು ವರ್ಗೀಕರಣದಾಗ ಉಳಿದಿಲ್ಲ, ಯಾಕಂದ್ರ ಒಂದೇ ಥರದ ಹುರುಪೆ ಇದ್ದವ್ರೆಲ್ಲ ಒಂದೇ ಮನಿತನದವ್ರಲ್ಲ, ಭಾಳ ಹಳೇ ಪೂರ್ವಜರಿಂದ ಬಂದ ಗ್ಯಾನಾಯ್ಡ್ ಹುರುಪೆ ಬ್ಯಾರೆ ಬ್ಯಾರೆ ಕವಲಿನವ್ರು ಹಂಗೇ ಇಟ್ಕೊಂಡಿರ್ತಾರ.

ದಿನ 3 – ಸಿರೊಂಚಾ, ಕೋಟಾ

ಮುಂಜಾನೆ ಮಂಜು ಭಾಳ ಇತ್ತು, ಸೇತುವೆ ಮ್ಯಾಲೆ ಕಾರು ನಡಕೊಂಡು ಹೋದಂಗ ಹೋತು. ದಾಟಿದ್ರ ಮಹಾರಾಷ್ಟ್ರ, ಸಿರೊಂಚಾ. ಬೋರ್ಡ್ ಎಲ್ಲಾ ಮರಾಠಿ, ಮಾತು ತೆಲುಗು, ನಮಗ ಎರಡೂ ಅಡ್ಡಿ ಇಲ್ಲ. ಚಹಾ ಅಂಗಡಿಯೊಳಗ ಕೋಟಾಕ್ಕ ಹೆಂಗ ಹೋಗೋದು ಅಂತ ಕೇಳಿದ್ರ ಒಬ್ರು ಹಿರಿಯರು ತಾವೇ ಕಾರಿನಾಗ ಕುಂತು ದಾರಿ ತೋರಿಸ್ಲಿಕ್ಕ ಬಂದ್ರು. ರಾಯಿ ಚೂಡಾನಿಕಾ ಅಂದ್ರು, ಕಲ್ಲು ನೋಡ್ಲಿಕ್ಕ ಬಂದ್ರೇನು ಅಂತ. ಹೌದ್ರಿ, ಕಲ್ಲಿನಾಗಿನ ಚೇಪ, ಅಂದ್ರ ಮೀನು, ಅಂದೆ. ನಕ್ಕು ತಲಿ ಅಲ್ಲಾಡಿಸಿದ್ರು, ಅವ್ರು ಸಣ್ಣವ್ರಿದ್ದಾಗ ಕಲ್ಕತ್ತಾದಿಂದ ಸಾಹೇಬ್ರು ಬಂದು ಟೆಂಟ್ ಹಾಕ್ತಿದ್ರಂತ.

ಕಲ್ಕತ್ತಾದ ಸಾಹೇಬ್ರು ಅಂದ್ರ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಭೂವಿಜ್ಞಾನದವ್ರು ಇರ್ಬೇಕು. ಸಂಖ್ಯಾಶಾಸ್ತ್ರದ ಸಂಸ್ಥೆಯೊಳಗ ಡೈನೋಸಾರು ಯಾಕ ಅಂತ ಕೇಳಬ್ಯಾಡ್ರಿ, ಆ ಸಂಸ್ಥೆ ಕಟ್ಟಿದ ಮಹಾಲನೋಬಿಸ್ ಅವ್ರು ಅಲ್ಲಿ ಎಲ್ಲಾ ಥರದ ವಿಜ್ಞಾನಕ್ಕೂ ಜಾಗಾ ಕೊಟ್ಟಿದ್ರು. 1961ರಾಗ, ರವೀಂದ್ರನಾಥ ಟಾಗೋರರ ಜನ್ಮಶತಾಬ್ದಿ ವರ್ಷ, ಅವ್ರು ಈ ಕೊಳ್ಳದ ಪೋಚಂಪಲ್ಲಿ ಕಡೆ ಒಂದು ದೊಡ್ಡ ಡೈನೋಸಾರು ಅಗೆದ್ರು, 1975ರಾಗ ಅದಕ್ಕ ಬರಪಾಸಾರಸ್ ಟಾಗೋರೈ ಅಂತ ಹೆಸರಿಟ್ರು, ಬಂಗಾಲಿಯೊಳಗ ಬರಾ ಪಾ ಅಂದ್ರ ದೊಡ್ಡ ಕಾಲು. ಆ ಹೆಸರಿಟ್ಟವ್ರೊಳಗ ಒಬ್ರು ಎಸ್. ಎಲ್. ಜೈನ್. ಡೈನೋಸಾರಿನ ಜೋಡಿ ಎಲ್ಲರೂ ಅವ್ರನ್ನ ನೆನೀತಾರ, ಆದ್ರ ಕೋಟಾದ ಮೀನುಗಳ ಮ್ಯಾಲೆ ಕುಂತು ಕೆಲಸ ಮಾಡಿದವ್ರೂ ಅವ್ರೇ. 1973ರಾಗ ಚಪ್ಪಟಿ ದುಂಡು ಮೈಯಿನ ಒಂದು ಮೀನಿಗೆ ಪ್ಯಾರಾಡಪೀಡಿಯಂ ಅಂತ ಹೊಸ ಕುಲ ಮಾಡಿದ್ರು, 1974ರಾಗ ಸೀಲಾಕ್ಯಾಂತ್ ಅನ್ನೋ ಹಳೇ ಗುಂಪಿನ ಇಂಡೋಸೀಲಾಕ್ಯಾಂತಸ್ ಮೀನು ವಿವರಿಸಿದ್ರು, 1983ರಾಗ ಲೆಪಿಡೋಟಿಸ್ ಕುಲ ಪೂರ್ತಿ ಮರುಪರಿಶೀಲನೆ ಮಾಡಿ ಬರೆದ್ರು. ನನಗ ಕೇಳಿದ್ರ ಮೀನಿನ ಕೆಲಸ ಡೈನೋಸಾರಿಗಿಂತ ಕಮ್ಮಿ ಅಲ್ಲ, ಒಂದೊಂದು ಹುರುಪೆ, ಒಂದೊಂದು ತಲಿ ಎಲುಬು ಸೂಜಿಯಿಂದ ಬಿಡಿಸಿ ಎಣಿಸಬೇಕು.

ಕೋಟಾ ಪ್ರಾಣಹಿತಾದ ಪೂರ್ವ ದಂಡಿ ಮ್ಯಾಲಿನ ಸಣ್ಣ ಊರು. ಕೋಳಿ, ಎಮ್ಮಿ, ಮೆಣಸಿನಕಾಯಿ ಒಣ ಹಾಕಿದ ಅಂಗಳ, ಕಾಲಿಗೆ ಸಿಕ್ಕ ಸಿಕ್ಕಲ್ಲಿ ತೆಳು ಹಾಳಿ ಹಂಗ ಒಡೆಯೋ ಬಿಳಿ-ಬೂದು ಕಲ್ಲು. ನಾ ಶಹಾಬಾದ್ ಫರಸಿ ನೋಡಿ ಬೆಳೆದಾಂವ, ಈ ಕಲ್ಲು ನೋಡಿದ ಕೂಡ್ಲೇ ಕೈ ಹಾಕ್ಬೇಕು ಅನ್ನಿಸ್ತು. ಸುಣ್ಣದಕಲ್ಲು ಅಂದ್ರ ಸಮುದ್ರನೇ ಇರ್ಬೇಕು ಅಂತ ಭಾಳ ಮಂದಿ ತಿಳ್ಕೋತಾರ, ಇದು ಸಿಹಿ ನೀರಿನ ಕೆರಿಯೊಳಗ ಆಗಿದ್ದು. ಹೆಂಗ ಗೊತ್ತು ಅಂದ್ರ ಈ ಪದರದಾಗ ಸಿಗೋ ಕಣ್ಣಿಗೆ ಕಾಣದಷ್ಟು ಸಣ್ಣ ಆಸ್ಟ್ರಾಕೋಡ್ ಅನ್ನೋ ಸಿಗಡಿ ಬಳಗದ ಜೀವಿಯ ಚಿಪ್ಪು ಸಿಹಿ ನೀರಿನವು, ಅದೇ ಬಳಗದ ಕಾಂಕೋಸ್ಟ್ರಾಕನ್ ಚಿಪ್ಪೂ ಸಿಗ್ತಾವ, ಜೋಡಿಗೆ ಕೀಟ, ಆಮೆ, ಇಲಿಯಷ್ಟು ಸಣ್ಣ ಸಸ್ತನಿಗಳ ಹಲ್ಲು. ಅಂಥ ಒಂದು ಸಸ್ತನಿಗೆ ವಿಜ್ಞಾನಿ ಹಾಲ್ಡೇನ್ ಹೆಸರು ಸೇರ್ಸಿ ಕೋಟಾಥೀರಿಯಂ ಹಾಲ್ಡೇನೈ ಅಂತ ಹೆಸರಿಟ್ಟಾರ. ಯೂರೋಪಿನ ಲೆಪಿಡೋಟಿಸ್ ಸಮುದ್ರದ ಪದರದಾಗ ಸಿಗ್ತದ, ಇಲ್ಲಿಂದು ಕೆರಿಯಾಗ. ಒಂದೇ ಕುಲದ್ದು ಅಂತ ಹೆಸರಿಟ್ಟ ಮೀನು ಅಲ್ಲಿ ಉಪ್ಪು ನೀರಿನಾಗ, ಇಲ್ಲಿ ಸಿಹಿ ನೀರಿನಾಗ, ಇದು ನನಗ ಭಾಳ ವಿಶೇಷ ಅನ್ನಿಸ್ತದ.

ನದಿ ದಂಡಿಗೆ ಎರಡು ತಾಸು ಬಗ್ಗಿ ನಡೆದ್ವಿ. ಏನೂ ಕಾಣ್ಲಿಲ್ಲ. ಬಿಸಲು ಏರ್ತು, ಅಕ್ಕನ ಮಗ ಒಂದು ಬಂಡಿಗಲ್ಲಿನ ಮ್ಯಾಲೆ ಕುಂತು ನೀರು ಕುಡೀತಾ ಮಾಮಾ, ಇಲ್ನೋಡ್ರಿ, ಇದೇನು ಗಾಜಿನ ಚೂರು ಸಿಕ್ಕೊಂಡದ ಅಂದ. ಅಂವ ಕುಂತ ಬಂಡಿ ಅಂಚಿನಾಗ, ಬೂದು ಕಲ್ಲಿನ ನಡುವ, ಕಡು ಕಂದು ಬಣ್ಣದ, ಪಾಲಿಶ್ ಹೊಡೆದಂಗ ಮಿಂಚೋ ಓರೆ ಚೌಕಗಳು. ಮೂರು ಒಂದು ಸಾಲಿನಾಗ ಕೂಡ್ಕೊಂಡೇ ಇದ್ವು, ನಾಕನೇದು ಅರ್ಧ ಮುರುದಿತ್ತು. ಒಂದೊಂದು ಕಿರುಬೆರಳಿನ ಉಗುರಿನಷ್ಟು. ನಾ ಮೊಣಕಾಲು ಊರಿ ಕುಂತೆ, ಮಾತಾಡ್ಲಿಕ್ಕ ಆಗ್ಲಿಲ್ಲ. ಜೇಬಿನಾಗಿನ ಲೆನ್ಸ್ ತೆಗೆದು ಮೊದಲು ಅವನಿಗೇ ಕೊಟ್ಟೆ, ಕಂಡಾಂವ ಅಂವ ಅಲ್ಲೇನು.

ಇದು ಲೆಪಿಡೋಟಿಸ್ಸಿಂದೇ ಅಂತ ನಾ ಎದಿ ತಟ್ಟಿ ಹೇಳಂಗಿಲ್ಲ, ಇಲ್ಲಿಯ ಬ್ಯಾರೆ ಮೀನಿಗೂ ಗ್ಯಾನಾಯ್ಡ್ ಹುರುಪೆ ಇದ್ವು. ಆದ್ರ ದಪ್ಪ, ನುಣುಪು, ಓರೆ ಚೌಕ ನೋಡಿದ್ರ ನಾ ಹುಡುಕ್ಕೋತ ಬಂದಿದ್ದು ಇದನ್ನೇ. ಅಲ್ಲೇ ಬಂಡಿ ಮ್ಯಾಲೆ ಕುಂತು ಅವನಿಗೆ ಹೇಳ್ಕೋತ ಹೋದೆ, ಹಿರಿಯರೂ ಬೀಡಿ ಹಚ್ಕೊಂಡು ಕೇಳ್ಕೋತ ಕುಂತ್ರು.

ನೋಡು, ಈ ಹುರುಪೆ ಅಂದ್ರ ಒಂದು ಸಣ್ಣ ಎಲುಬು. ಕೆಳಗ ಎಲುಬಿನ ದಪ್ಪ ತಳ, ಮ್ಯಾಲೆ ಗ್ಯಾನೋಯಿನ್ ಅನ್ನೋ ಹೊಳಪಿನ ಲೇಪ, ಅದು ನಮ್ಮ ಹಲ್ಲಿನ ಎನಾಮಲ್ ಜಾತಿದೇ, ಮೀನು ಬೆಳೆದಂಗ ಪದರದ ಮ್ಯಾಲೆ ಪದರ ಕೂಡ್ಕೋತ ಹೋಗ್ತದ. ಅದಕ್ಕೇ ಇಷ್ಟು ಕೋಟಿ ವರ್ಷ ಆದ್ರೂ ಮಿಂಚು ಹೋಗಿಲ್ಲ. ಹುರುಪೆಯ ಮ್ಯಾಲಿನ ಅಂಚಿನಾಗ ಒಂದು ಸಣ್ಣ ಗೂಟ ಇರ್ತದ, ಅದರ ಮ್ಯಾಲಿನ ಹುರುಪೆಯ ಒಳಮೈಯಾಗ ಒಂದು ಕುಳಿ, ಗೂಟ ಕುಳಿಯೊಳಗ ಕೂಡ್ತದ, ಬಡಿಗೇರು ಚೌಕಟ್ಟಿಗೆ ಕೂಡ್ಸು ಹಾಕಿದಂಗ. ಹಿಂಗ ಒಂದು ಸಾಲು ಮ್ಯಾಲಿಂದ ಕೆಳಗ ಓರೆಯಾಗಿ ಬಿಗಿದಿರ್ತದ, ಸಾಲು ಸಾಲಿನ ನಡುವ ಸ್ವಲ್ಪ ಸಡ್ಲ, ಹಂಗಾಗಿ ಕವಚ ಗಟ್ಟಿ ಇದ್ರೂ ಮೀನು ಅತ್ಲಾಗ ಇತ್ಲಾಗ ಬಾಗಿ ಈಜಬಹುದು. ನಿನ್ನ ಅಂಗಡಿಯ ಗಾರ್ ಮೀನಿಗೂ ಇದೇ ಕೂಡ್ಸು.

ಒಳಗಿನ ಬೆನ್ನೆಲುಬು ಏನಾತು ಮಾಮಾ, ಅದು ಯಾಕ ಕಾಣೋದಿಲ್ಲ ಅಂದ. ಭಾಳ ಚೊಲೋ ಪ್ರಶ್ನೆ. ಈ ಗುಂಪಿನಾಗ ಹೊರಗಿನ ಕವಚ ಗಟ್ಟಿ, ಒಳಗಿನ ಬೆನ್ನಿನ ಮಣಿಗಳು ಪೂರ್ತಿ ಎಲುಬಾಗಿರ್ತಿರ್ಲಿಲ್ಲ, ಹಂಗಾಗಿ ಸತ್ತ ಮ್ಯಾಲೆ ಒಳಗಿಂದು ಕರಗಿ ಹೋಗಿ ಹೊರಗಿನ ಹುರುಪೆ ಮತ್ತ ತಲಿ ಎಲುಬು ಉಳೀತಾವ. ಗಾರ್ ಹಂಗಲ್ಲ, ಅದರ ಮಣಿಗಳು ಗಟ್ಟಿ ಎಲುಬು, ಒಂದು ಕಡೆ ಗುಂಡು ಒಂದು ಕಡೆ ತಗ್ಗು, ನಮ್ಮ ತೊಡಿ ಕೀಲಿನ ಹಂಗ.

ಆಮ್ಯಾಲೆ ಮರಳಿನ ಮ್ಯಾಲೆ ಕಡ್ಡಿ ತಗೊಂಡು ಪೂರ್ತಿ ಮೀನು ಬರೆದೆ. ದುಂಡನ ಉದ್ದ ಮೈ. ಬೆನ್ನಿನ ಮ್ಯಾಲೆ ಒಂದೇ ರೆಕ್ಕಿ, ಅದೂ ನಡುವಿನಿಂದ ಹಿಂದ. ಹೊಟ್ಟಿ ಕೆಳಗ ಒಂದು ಜೋಡಿ, ಎದಿ ಹತ್ರ ಒಂದು ಜೋಡಿ, ಬಾಲದ ಹತ್ರ ಗುದದ ರೆಕ್ಕಿ. ರೆಕ್ಕಿ ಮುಂದಿನ ಅಂಚಿಗೆ ಇಂಗ್ಲಿಷಿನ ವಿ ಅಕ್ಷರದ ಹಂಗ ಸಣ್ಣ ಸಣ್ಣ ಹುರುಪೆ ಸಾಲಾಗಿ ಕುಂತಿರ್ತಾವ, ಫಲ್ಕ್ರಾ ಅಂತಾರ, ನೀರು ಸೀಳೋಮುಂದ ಅಂಚಿಗೆ ಬಲ ಕೊಡೋದಕ್ಕ ಇರ್ಬೇಕು. ಬಾಲ ಹೊರಗಿಂದ ನೋಡಿದ್ರ ಮ್ಯಾಲೆ ಕೆಳಗ ಸರಿಸಮ ಅನ್ನಿಸ್ತದ, ಆದ್ರ ಮೈಮ್ಯಾಲಿನ ಹುರುಪೆ ಬಾಲದ ಮ್ಯಾಲಿನ ಅರ್ಧಕ್ಕ ಸ್ವಲ್ಪ ಏರಿ ಹೋಗ್ಯಾವ, ಅದು ಹಳೇ ಕಾಲದ ಗುರ್ತು, ಶಾರ್ಕಿನ ಬಾಲದಾಗ ಬೆನ್ನೆಲುಬು ಮ್ಯಾಲೆ ಏರ್ತದಲ್ಲ, ಆ ಕಡೆಯಿಂದ ರೋಹು ಮೀನಿನ ಬಾಲದ ಕಡೆ ಬರೋ ದಾರಿಯ ನಡುವಿಂದು. ತಲಿಯೊಳಗ ಕಣ್ಣಿನ ಸುತ್ತ ಎಲುಬಿನ ತುಂಡುಗಳ ಬಳಿ, ಮುತ್ತು ಕೋದ ಉಂಗುರದ ಹಂಗ. ಸಣ್ಣ ಬಾಯಿ. ಈ ಬಳಗದ ಕೆಲವು ದೊಡ್ಡ ಮೀನಿಗೆ ಬಾಯೊಳಗ ದುಂಡನ ಗುಂಡಿಯಂಥ ಹಲ್ಲು, ಚಿಪ್ಪು ಅರೀಲಿಕ್ಕ. ಯೂರೋಪಿನಾಗ ಹಿಂದಿನ ಕಾಲಕ್ಕ ಆ ಹಲ್ಲು ಸಿಕ್ಕಾಗ ಅದು ಕಪ್ಪಿಯ ತಲಿಯೊಳಗ ಹುಟ್ಟೋ ಮಣಿ, ವಿಷಕ್ಕ ಮದ್ದು ಅಂತ ಉಂಗುರಕ್ಕ ಹಾಕ್ಸ್ಕೋತಿದ್ರು. ನಮ್ಮ ನಾಗಮಣಿ ಕಥಿ ಇದ್ದಂಗ!

ಮಧ್ಯಾಹ್ನ ಹಿರಿಯರ ಮನಿಯೊಳಗೇ ಊಟ, ಬ್ಯಾಡ ಅಂದ್ರೂ ಬಿಡ್ಲಿಲ್ಲ. ಬಿಳಿ ಅನ್ನ, ಹುಣಸಿ ಹಾಕಿದ ಖಾರದ ಮೀನಿನ ಸಾರು, ಅದೇ ನದಿ ರೋಹು. ಅವ್ರ ಸೊಸಿ ಹಿತ್ತಲಾಗ ಮೀನು ಹೆರೆದ ಜಾಗದಾಗ ಹುರುಪೆ ಬಿದ್ದಿದ್ವು, ಒಂದು ಆರಿಸಿ ಬೆಳಕಿಗೆ ಹಿಡಿದೆ. ತೆಳ್ಳಗ, ಬಾಗ್ತದ, ಹಿಂದಿನ ಬೆಳಕು ಕಾಣ್ತದ, ಗುಂಡಗ ಉಂಗುರ ಉಂಗುರ. ಇದು ಸೈಕ್ಲಾಯ್ಡ್. ಒಂದು ದಿನದಾಗ ಎರಡೂ ಕೈಯಳತಿಯೊ‌ಳಗ ನೋಡಿದೆ. ಎರಡೂ ಆಕ್ಟಿನೋಪ್ಟೆರಿಜಿಯೈ, ಅಂದ್ರ ಕಡ್ಡಿರೆಕ್ಕಿ ಮೀನುಗಳೇ, ಎರಡೂ ಅದರೊಳಗಿನ ನಿಯೋಪ್ಟೆರಿಜಿಯೈ, ಬೆನ್ನಿನ ಮತ್ತ ಗುದದ ರೆಕ್ಕಿಯೊಳಗಿನ ಕಡ್ಡಿ ಎಷ್ಟೋ ಅದನ್ನ ಹೊರೋ ಎಲುಬೂ ಅಷ್ಟೇ ಇರೋ ಗುಂಪು. ಅಲ್ಲಿಂದ ದಾರಿ ಎರಡಾಗ್ತದ. ಒಂದು ದಾರಿ ಟೆಲಿಯೋಸ್ಟಿಯೈ, ಅದರೊಳಗ ನಾವು ತಿನ್ನೋ ಮೀನು ಭಾಳಷ್ಟು ಬಂದ್ವು. ಇನ್ನೊಂದು ಹೋಲೋಸ್ಟಿಯೈ, ಅದರೊಳಗ ಇವತ್ತು ಗಾರ್ ಮತ್ತ ಬೋಫಿನ್ (ಅದೂ ಉತ್ತರ ಅಮೆರಿಕದ ಮೀನೇ) ಎರಡೇ ಬಳಗ ಉಳಿದಾವ. ಲೆಪಿಡೋಟಿಸ್ ಆ ಎರಡನೇ ದಾರಿಯ ಗಾರ್ ಕಡೆಯ ಕವಲಿಂದು, ಜಿಂಗ್ಲಿಮೋಡೈ ಅಂತಾರ.

ಹೋಲೋಸ್ಟಿಯೈ ಅನ್ನೋ ಹೆಸರಿಂದೂ ಒಂದು ಪ್ರವಾಸನೇ. 1844ರಾಗ ಜರ್ಮನಿಯ ಯೊಹಾನ್ನೆಸ್ ಮ್ಯೂಲರ್ ಇಟ್ಟ ಹೆಸರು, ಆಮ್ಯಾಲೆ ಬೋಫಿನ್ ನಮ್ಮ ಟೆಲಿಯೋಸ್ಟ್ ಕಡೇದು, ಗಾರ್ ಬ್ಯಾರೆ ಅಂತ ಭಾಳ ಮಂದಿ ಒಪ್ಪಿ ಆ ಹೆಸರು ಬಿಟ್ಟೇ ಬಿಟ್ರು, 2010ರಾಗ ಲ್ಯಾನ್ಸ್ ಗ್ರಾಂಡೆ ಗಾರ್ ಮೀನಿನ ಎಲುಬು ಒಂದೊಂದಾಗಿ ಹೋಲಿಸಿ ಅವೆರಡೂ ಒಂದೇ ಮನಿತನದವು ಅಂತ ಮತ್ತ ಹೆಸರು ವಾಪಸ್ ತಂದ್ರು, ಡಿಎನ್‌ಎನೂ ಅದನ್ನೇ ಹೇಳ್ತದ. ಲೆಪಿಡೋಟಿಸ್ ಕುಲದ್ದೂ ಹಂಗೇ. ನೂರೈವತ್ತು ವರ್ಷ ದಪ್ಪ ಹೊಳೆಯೋ ಹುರುಪೆ ಕಂಡಲ್ಲೆಲ್ಲ ಲೆಪಿಡೋಟಿಸ್ ಅಂತ ಚೀಟಿ ಹಚ್ಚಿ ಆ ಕುಲ ಸಂತಿ ಚೀಲ ಆಗಿತ್ತು. 2012ರಾಗ ಲೋಪೆಸ್-ಅರ್ಬರೆಲ್ಲೋ ಅನ್ನೋ ವಿಜ್ಞಾನಿ ಆ ಚೀಲ ಸುರುವಿ ಆರಿಸಿ, ಜರ್ಮನಿಯ ಲೆಪಿಡೋಟಿಸ್ ಗೀಗಾಸ್ ಜೋಡಿ ಖರೇನ ಸೇರೋ ಕೆಲವೇ ಮೀನಿಗೆ ಆ ಹೆಸರು ಉಳಿಸಿದ್ರು, ಇಂಗ್ಲೆಂಡಿನ ಲೆಪಿಡೋಟಿಸ್ ಮ್ಯಾಂಟೆಲೈಯಂಥವು ಶೀನ್‌ಸ್ಟಿಯಾ ಅನ್ನೋ ಬ್ಯಾರೆ ಕುಲಕ್ಕ ಹೋದ್ವು. ಇದನ್ನ ಕೇಳಿ ಅಕ್ಕನ ಮಗ, ಹಂಗಾದ್ರ ನಮ್ಮ ಮೀನಿನ ಹೆಸರೂ ಬದಲಾಗ್ಬಹುದಲ್ಲ ಮಾಮಾ ಅಂದ. ಆಗ್ಬಹುದಪಾ. ಆದ್ರ ಮೊದಲನೇ ಹೆಸರು, ಅಂದ್ರ ಕುಲದ ಹೆಸರು ಮಾತ್ರ ಬದಲಾಗ್ತದ, ಡೆಕ್ಕನೆನ್ಸಿಸ್ ಅನ್ನೋದು ಹೋಗಂಗಿಲ್ಲ, ಯಾವ ಕುಲಕ್ಕ ಹೋದ್ರೂ ದಖ್ಖನ್ ಅದರ ಜೋಡಿ ಹೋಗ್ತದ.

ಹುರುಪೆ ಇದ್ದ ಬಂಡಿ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದ್ವಿ, ಎಲ್ಲಾ ಕಡೆಯಿಂದ. ಕಿತ್ತು ತಗೊಂಡು ಹೋಗೋಣೇನು ಅಂತ ಅಂವ ಕೇಳ್ಲಿಲ್ಲ, ಅದಕ್ಕ ನನಗ ಭಾಳ ಖುಷಿ ಆತು. ಕಲ್ಲು ಎಲ್ಲಿತ್ತು, ಯಾವ ಪದರದಾಗಿತ್ತು ಅನ್ನೋದು ಹೋತಂದ್ರ ಹುರುಪೆ ಬರೇ ಒಂದು ಹೊಳೆಯೋ ಚೂರು ಅಷ್ಟೇ. ಅದು ಅಲ್ಲೇ ಅದ.

ದಿನ 4 – ವಡಧಮ್, ವಾಪಸ್

ಸಿರೊಂಚಾ ತಾಲೂಕಿನಾಗ ವಡಧಮ್ ಅಂತ ಊರದ, ಅಲ್ಲಿ ಫಾಸಿಲ್ ಪಾರ್ಕ್ ಮಾಡ್ಯಾರ. ಮುಂಜಾನೆ ಅಲ್ಲಿಗೆ ಹೋದ್ವಿ. ಕಲ್ಲಾದ ಮರದ ದಿಮ್ಮಿಗಳು, ತೊಗಟಿಯ ಗೆರಿ ಸುದ್ಧಾ ಕಾಣ್ತಾವ. ಕಾವಲಿನವ್ರು ಪ್ರೀತಿಯಿಂದ ಒಂದೊಂದಾಗಿ ತೋರಿಸಿದ್ರು. ಮೀನಿನ ಬಗ್ಗೆ ಕೇಳಿದೆ, ನನ್ನ ಫೋನಿನ ಫೋಟೋ ತೋರಿಸಿದೆ, ಅವ್ರು ಭಾಳ ಹೊತ್ತು ನೋಡಿ ಇಂಥಾದ್ದು ನಮ್ಮ ಹೊಲದ ಕಡೆನೂ ನೋಡೀನಿ ಅಂದ್ರು. ನೋಡಿದ್ರ ಒಡೀಬ್ಯಾಡ್ರಿ, ಇಲಾಖೆಯವ್ರಿಗೆ ಹೇಳ್ರಿ ಅಂತ ಕೈ ಮುಗಿದು ಕೇಳ್ಕೊಂಡೆ.

ವಾಪಸ್ ದಾರಿಯೊಳಗ ವಿಶೇಷ ಏನಿಲ್ಲ. ಭೂಪಾಲಪಲ್ಲಿ ಹತ್ರ ಟೈರ್ ಪಂಕ್ಚರ್, ಒಂದು ತಾಸು ಹೋತು. ಹೈದರಾಬಾದ್ ಮುಟ್ಟಿದಾಗ ರಾತ್ರಿ ಹತ್ತೂವರಿ. ಅಕ್ಕ ಫೋನ್ ಮಾಡಿ ಮೀನು ಸಿಕ್ತೇನು ಅಂದ್ಲು. ನಿನ್ನ ಮಗನೇ ಹುಡುಕಿದ ಅಂದೆ. ಎಷ್ಟು ದೊಡ್ಡದು ಅಂದ್ಲು, ಉಗುರಿನಷ್ಟು ಅಂದೆ, ಇಷ್ಟು ದೂರ ಹೋಗಿ ಉಗುರಿನಷ್ಟೇನು ಅಂತ ನಕ್ಕಳು, ಆದ್ರ ಫೋಟೋ ಕಳಿಸು ಅಂತನೂ ಅಂದ್ಲು.

ಮರುದಿನ ಮುಂಜಾನೆ ರೈಲಿಗೆ ಹೋಗೋಕಿಂತ ಮೊದಲು ಇಬ್ಬರೂ ಮತ್ತ ಆ ಅಕ್ವೇರಿಯಂ ಅಂಗಡಿಗೆ ಹೋದ್ವಿ. ಶಟರ್ ಆಗಷ್ಟೇ ಏರಿಸ್ಲಿಕ್ಕತ್ತಿದ್ರು. ಫೋನಿನಾಗಿನ ಕೋಟಾದ ಹುರುಪೆ ಫೋಟೋ ದೊಡ್ಡದು ಮಾಡಿ ಗಾಜಿಗೆ ಹಚ್ಚಿ ಹಿಡಿದೆ, ಗಾರ್ ಅದರ ಹಿಂದ ಬಂದು ನಿಂತಿತು, ಓರೆ ಚೌಕದ ಪಕ್ಕ ಓರೆ ಚೌಕ. ಆ ಎರಡೂ ಕೂಡಿ ಬರೋ ಹಂಗ ಅಕ್ಕನ ಮಗ ತನ್ನ ಫೋನಿನಾಗ ಇನ್ನೊಂದು ಫೋಟೋ ತೆಗೆದ. ಸೋಮವಾರ ಕ್ಲಾಸಿನಾಗ ಆ ಹಿಂದಿನ ಬೆಂಚಿನ ಹುಡುಗಿಗೆ ಮೊದಲು ಅದನ್ನೇ ತೋರಿಸ್ತೀನಿ, ಅವಳೀಗ ಸೆಕೆಂಡ್ ಇಯರ್.